ಅತಿಪ್ರಕಾಶದ ಮಹಾನವ್ಯಗಳು: ಆ ಬೆಳಕು ಎಲ್ಲಿಂದ ಬರುತ್ತದೆ?

ಹುಟ್ಟು ಸಾವುಗಳಿಲ್ಲದ ವಸ್ತು ಯಾವುದಾದರೂ ಇದ್ದರೆ ಅದು ಆಕಾಶದ ನಕ್ಷತ್ರವೇ ಎಂಬ ನಂಬಿಕೆ ಬಹುಕಾಲ ಜನರಲ್ಲಿ ಬೇರೂರಿತ್ತು. ಸ್ಥಿರತೆಗೆ ಸಾಕ್ಷಿಯಾಗಿ ಧ್ರುವನನ್ನು ತೋರಿಸುವ ಪದ್ಧತಿ ನಮ್ಮಲ್ಲಿ ಇಂದಿಗೂ ಉಂಟು. ಆದರೆ ಆಕಾಶವೇ ಆಗಾಗ ಈ ನಂಬಿಕೆಯನ್ನು ಅಲುಗಿಸಿದೆ. ೧೦೫೪ರಲ್ಲಿ ವೃಷಭ ರಾಶಿಯಲ್ಲಿ, ಹಿಂದೆ ಏನೂ ಕಾಣದಿದ್ದ ಸ್ಥಳದಲ್ಲಿ, ಒಂದು ನಕ್ಷತ್ರ ಧಗ್ಗನೆ ಬೆಳಗಿತು. ೨೩ ದಿನಗಳ ಕಾಲ ಅದು ಹಗಲಿನಲ್ಲಿಯೂ ಕಾಣುತ್ತಿತ್ತೆಂದೂ, ಸುಮಾರು ಎರಡು ವರ್ಷಗಳಾದ ಬಳಿಕ ಕಣ್ಮರೆಯಾಯಿತೆಂದೂ ಚೀನಾ ದೇಶದ ಆಕಾಶವೀಕ್ಷಕರು ಬರೆದಿಟ್ಟಿರುವರು. ೧೫೭೨ರಲ್ಲಿ ಟೈಕೋ ಬ್ರಾಹೆಯೂ ೧೬೦೪ರಲ್ಲಿ ಕೆಪ್ಲರನೂ ಇಂಥವೇ ನಕ್ಷತ್ರಗಳನ್ನು ಕಂಡು ವಿವರವಾಗಿ ವರ್ಣಿಸಿದರು.

ಲ್ಯಾಟಿನ್ ಭಾಷೆಯಲ್ಲಿ ‘ನೋವಾ’ ಎಂದರೆ ಹೊಸತು. ಈ ನಕ್ಷತ್ರಗಳು ಹೊಸದಾಗಿ ಹುಟ್ಟಿದವೆಂದು ತಿಳಿದು ಹಿಂದಿನವರು ಆ ಹೆಸರನ್ನಿಟ್ಟರು. ವಾಸ್ತವದಲ್ಲಿ ಅವು ಹುಟ್ಟುತ್ತಿರುವ ನಕ್ಷತ್ರಗಳಲ್ಲ, ಸಾಯುತ್ತಿರುವ ನಕ್ಷತ್ರಗಳು. ಅವುಗಳಲ್ಲಿ ಅತಿ ಪ್ರಚಂಡವಾದವನ್ನು ಬೇರೆಯಾಗಿ ಗುರುತಿಸಿ, ‘ಸೂಪರ್‌ನೋವಾ’ ಎಂಬ ಹೆಸರನ್ನು ೧೯೩೪ರಲ್ಲಿ ಬಳಕೆಗೆ ತಂದವರು ವಾಲ್ಟರ್ ಬಾಡೆ ಮತ್ತು ಫ್ರಿಟ್ಸ್ ಜ್ವಿಕಿ ಎಂಬ ವಿಜ್ಞಾನಿಗಳು. ನಾವು ಅವನ್ನು ಮಹಾನವ್ಯಗಳೆಂದು ಕರೆಯೋಣ.

ಸಾಧಾರಣ ಮಹಾನವ್ಯವೊಂದು ತನ್ನ ಉಚ್ಛ್ರಾಯ ಸ್ಥಿತಿಯಲ್ಲಿ ನೂರು ಕೋಟಿ ಸೂರ್ಯರನ್ನು ಮೀರಿ ಬೆಳಗಬಲ್ಲುದು. ಇದಕ್ಕಿಂತ ಬಹಳ ಮುಂದೆ ಹೋಗುವ ಮಹಾನವ್ಯಗಳು ಇರಲಾರವೆಂದು ಖಗೋಲಜ್ಞರು ಹೆಚ್ಚುಕಡಮೆ ನಂಬಿದ್ದರು. ೨೦೦೫ರಲ್ಲಿ ಈ ನಂಬಿಕೆಗೆ ಧಕ್ಕೆ ತಗುಲಿತು. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡುತ್ತಿದ್ದ ರಾಬರ್ಟ್ ಕ್ವಿಂಬಿ ಎಂಬುವರು ಅರ್ಧ ಮೀಟರಿಗಿಂತ ಕಿರಿದಾದ ದರ್ಪಣವುಳ್ಳ ದೂರದರ್ಶಕವೊಂದರಿಂದ ಆಕಾಶದ ವಿಶಾಲ ಭಾಗಗಳನ್ನು ರಾತ್ರಿ ರಾತ್ರಿಯೂ ಚಿತ್ರಿಸುತ್ತಿದ್ದರು. ಆ ಶೋಧದಲ್ಲಿ ದೊರೆತ ‘೨೦೦೫ಎಪಿ’ ಎಂಬ ಮಹಾನವ್ಯದ ದೂರವನ್ನು ಅಳೆದು ನೋಡಿದಾಗ, ಅದು ಉಚ್ಛ್ರಾಯದಲ್ಲಿ ಸುಮಾರು ಹತ್ತು ಸಾವಿರ ಕೋಟಿ ಸೂರ್ಯರಷ್ಟು ಬೆಳಗಿತ್ತೆಂದು ತಿಳಿದುಬಂದಿತು. ಆಕಾಶಗಂಗೆಯ ಸಮಸ್ತ ನಕ್ಷತ್ರಗಳೂ ಒಟ್ಟಿಗೆ ಸೂಸುವ ಬೆಳಕು ಕೂಡ ಇಷ್ಟಿಲ್ಲ! ಮರುವರ್ಷವೇ ಇಂಥ ಇನ್ನೊಂದು ಸಿಕ್ಕಿತು. ೨೦೧೧ರ ವೇಳೆಗೆ ಹಲವು ಉದಾಹರಣೆಗಳನ್ನು ಒಟ್ಟಿಗಿಟ್ಟು ನೋಡಿ, ಇವುಗಳದೇ ಒಂದು ಪ್ರತ್ಯೇಕ ವರ್ಗವುಂಟೆಂದು ವಿಜ್ಞಾನಿಗಳು ನಿರ್ಧರಿಸಿದರು. ಸಾಧಾರಣ ಮಹಾನವ್ಯಗಳಿಗಿಂತ ಇವು ಹತ್ತರಿಂದ ನೂರು ಪಾಲು ಪ್ರಕಾಶವುಳ್ಳವು. ಸಂಖ್ಯೆಯಲ್ಲಿ ಮಾತ್ರ ಸಾವಿರಾರಕ್ಕೆ ಒಂದರಂತೆ ವಿರಳ.

ಇಷ್ಟು ಬೆಳಕು ಎಲ್ಲಿಂದ ಬರುತ್ತದೆ? ದೊಡ್ಡ ನಕ್ಷತ್ರ ಸಿಡಿದರೆ ದೊಡ್ಡ ಬೆಳಕು, ಅಷ್ಟೇ ತಾನೆ ಎಂದು ಯಾರಿಗಾದರೂ ತೋರಬಹುದು. ಈ ಉತ್ತರ ಸಹಜವಾಗಿ ಕಂಡರೂ ಸಾಲದು. ಏಕೆ ಸಾಲದೆಂಬುದನ್ನು ತಿಳಿದರೆ ಇಡೀ ಸಮಸ್ಯೆಯ ತಿರುಳು ಕೈಗೆ ಸಿಕ್ಕಂತೆ.

ಸ್ಫೋಟವೇ ಬೆಳಕಲ್ಲ

ಮೊದಲು ಶಕ್ತಿಯ ಆಯವ್ಯಯವನ್ನು ನೋಡೋಣ. ನಕ್ಷತ್ರಗಳ ಶಕ್ತಿಯನ್ನು ನಮ್ಮ ದಿನಬಳಕೆಯ ಮಾನಗಳಲ್ಲಿ ಹೇಳಹೊರಟರೆ ಸೊನ್ನೆಗಳ ಸಾಲಿನಲ್ಲಿ ದಾರಿ ತಪ್ಪುತ್ತೇವೆ. ಆದುದರಿಂದ ಬೇರೊಂದು ಅಳತೆಯನ್ನು ಇಟ್ಟುಕೊಳ್ಳುವುದು ಲೇಸು. ನಮ್ಮ ಸೂರ್ಯನು ತನ್ನ ಸುಮಾರು ಸಾವಿರ ಕೋಟಿ ವರ್ಷಗಳ ಆಯುಷ್ಯದಲ್ಲಿ ಒಟ್ಟು ಎಷ್ಟು ಶಕ್ತಿಯನ್ನು ಹೊರಸೂಸುವನೋ ಅಷ್ಟನ್ನು ಒಂದು ‘ಕೊಳಗ’ ಎಂದು ಕರೆಯೋಣ.

ಸೂರ್ಯನಿಗಿಂತ ಹತ್ತು ಇಪ್ಪತ್ತು ಪಾಲು ಭಾರವಾದ ನಕ್ಷತ್ರವೊಂದು ತನ್ನ ಒಡಲಿನ ಜಲಜನಕವನ್ನು ಹೀಲಿಯಂ ಆಗಿ, ಅದನ್ನು ಇಂಗಾಲ, ಆಮ್ಲಜನಕ ಮುಂತಾದ ಧಾತುಗಳಾಗಿ ಪರಿವರ್ತಿಸುತ್ತ ಕೊನೆಗೆ ಕಬ್ಬಿಣದವರೆಗೆ ಬಂದು ನಿಲ್ಲುತ್ತದೆ. ಕಬ್ಬಿಣವನ್ನು ಬೆಸೆದು ಶಕ್ತಿಯನ್ನು ಪಡೆಯಲಾಗದು. ಒಲೆ ಆರಿದೊಡನೆ, ಭಾರವನ್ನು ಹೊತ್ತು ನಿಂತಿದ್ದ ಒತ್ತಡ ಸಾಲದಾಗಿ, ನಕ್ಷತ್ರದ ತಿರುಳು ಒಂದು ಸೆಕೆಂಡಿಗಿಂತ ಕಡಮೆ ಅವಧಿಯಲ್ಲಿ ಕುಸಿಯುತ್ತದೆ. ಸೂರ್ಯನಿಗಿಂತಲೂ ಹೆಚ್ಚಿನ ವಸ್ತು ಬೆಂಗಳೂರು ನಗರದಷ್ಟು ಅಗಲದ ಗೋಳವಾಗಿ ಒತ್ತರಿಸಿ ನ್ಯೂಟ್ರಾನ್ ನಕ್ಷತ್ರವಾಗುವುದು. ಈ ಕುಸಿತದಿಂದ ಬಿಡುಗಡೆಯಾಗುವ ಶಕ್ತಿ ಇನ್ನೂರೈವತ್ತು ಮುನ್ನೂರು ಕೊಳಗ. ಆದರೆ ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲನ್ನು ನ್ಯೂಟ್ರಿನೋ ಎಂಬ ಕಣಗಳು ಹೊತ್ತುಕೊಂಡು ಯಾರಿಗೂ ಸಿಕ್ಕದೆ ಹೊರಟುಹೋಗುತ್ತವೆ. ಇದು ಬರಿಯ ಊಹೆಯಲ್ಲ. ೧೯೮೭ರ ಫೆಬ್ರವರಿಯಲ್ಲಿ ಸುಮಾರು ೧,೬೦,೦೦೦ ಜ್ಯೋತಿರ್ವರ್ಷಗಳ ದೂರದ ದೊಡ್ಡ ಮೆಗೆಲನ್ ಮೋಡದಲ್ಲಿ ಮಹಾನವ್ಯ ಕಂಡಾಗ, ಬೆಳಕು ಗೋಚರಿಸುವುದಕ್ಕೆ ಕೆಲವು ಗಂಟೆಗಳ ಮೊದಲೇ ಜಪಾನ್, ಅಮೆರಿಕ, ರಷ್ಯಗಳ ಭೂಗತ ಯಂತ್ರಗಳಲ್ಲಿ ಸುಮಾರು ೨೫ ನ್ಯೂಟ್ರಿನೋಗಳು ಗುರುತು ಬಿಟ್ಟವು.

ಉಳಿದ ಒಂದು ಪಾಲಿನಲ್ಲಿ ಬಹುಭಾಗ, ಅಂದರೆ ಸುಮಾರು ಒಂದು ಕೊಳಗ, ನಕ್ಷತ್ರದ ಹೊರಪದರಗಳನ್ನು ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ತೂರಿ ಎಸೆಯುವುದಕ್ಕೆ ಖರ್ಚಾಗುತ್ತದೆ. ಬೆಳಕಾಗಿ ನಮ್ಮ ಕಣ್ಣಿಗೆ ಬರುವುದು ಕೊಳಗದಲ್ಲಿ ನೂರನೆಯ ಒಂದು ಭಾಗ ಮಾತ್ರ. ಅತಿಪ್ರಕಾಶದ ಮಹಾನವ್ಯಗಳೋ ಕೆಲವೇ ತಿಂಗಳುಗಳಲ್ಲಿ ಒಂದು ಕೊಳಗದವರೆಗೂ ಬೆಳಕನ್ನು ಚೆಲ್ಲುತ್ತವೆ. ಸೂರ್ಯನ ಜೀವಮಾನದ ದುಡಿಮೆ ಅವಕ್ಕೆ ಒಂದು ಮಳೆಗಾಲದ ಖರ್ಚು!

ಇಲ್ಲೊಂದು ಆಶ್ಚರ್ಯದ ಸಂಗತಿಯನ್ನು ಗಮನಿಸಬೇಕು. ಸ್ಫೋಟದ ಕ್ಷಣದಲ್ಲಿ ಹುಟ್ಟಿದ ಶಾಖ ನೇರವಾಗಿ ಬೆಳಕಾಗಿ ಹೊರಬರಲಾರದು. ಒಳಗಿನ ಬೆಳಕು ದಟ್ಟವಾದ ಅನಿಲದಲ್ಲಿ ಸಿಕ್ಕಿ, ಜಾತ್ರೆಯ ಗುಂಪಿನಲ್ಲಿ ದಾರಿ ಹುಡುಕುವವನಂತೆ ಅತ್ತಿತ್ತ ಎಡವುತ್ತಿರುತ್ತದೆ. ಅಷ್ಟರಲ್ಲಿ ಅನಿಲದ ಗೋಳ ಹಿಗ್ಗುತ್ತಿರುತ್ತದೆ. ಸೈಕಲ್ಲಿನ ಚಕ್ರದಿಂದ ಗಾಳಿ ಬಿಟ್ಟಾಗ ಹೊರಬರುವ ಗಾಳಿ ತಣ್ಣಗಿರುವುದನ್ನು ನಾವೆಲ್ಲರೂ ಬಲ್ಲೆವು. ಹಿಗ್ಗುವ ಅನಿಲ ತಣಿಯುತ್ತದೆ. ಮಹಾನವ್ಯದಲ್ಲಿಯೂ ಹಾಗೆಯೇ. ಸೂರ್ಯನಷ್ಟು ಗಾತ್ರದ ನಕ್ಷತ್ರವೊಂದು ಸಿಡಿದು, ಅದರ ಅನಿಲ ಸೆಕೆಂಡಿಗೆ ೧೦,೦೦೦ ಕಿಲೋಮೀಟರ್ ವೇಗದಲ್ಲಿ ೨೦ ದಿನ ಹಿಗ್ಗಿತೆನ್ನೋಣ. ಆಗ ಗೋಳದ ತ್ರಿಜ್ಯ ಸುಮಾರು ೧,೭೦೦ ಕೋಟಿ ಕಿಲೋಮೀಟರ್ ಆಗುವುದು. ಸೂರ್ಯನಿಂದ ನೆಪ್ಚೂನಿಗಿರುವ ದೂರಕ್ಕೆ ಇದು ಸುಮಾರು ನಾಲ್ಕು ಪಾಲು. ತ್ರಿಜ್ಯ ೨೫,೦೦೦ ಪಾಲು ಬೆಳೆದಿದೆಯಾದ್ದರಿಂದ ಒಳಗೆ ಸಿಕ್ಕಿಬಿದ್ದಿದ್ದ ಬೆಳಕಿನ ಶಕ್ತಿ ೨೫,೦೦೦ದಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಮಿಕ್ಕುದೆಲ್ಲ ಅನಿಲವನ್ನು ಹೊರಕ್ಕೆ ನೂಕುವುದರಲ್ಲಿ ವ್ಯಯವಾಯಿತು. ಮೊದಲೇ ಬಹಳ ಹಿಗ್ಗಿರುವ ಕೆಂಪು ದೈತ್ಯ ನಕ್ಷತ್ರಗಳು ಸಿಡಿದಾಗ ನಷ್ಟ ಇಷ್ಟಿರುವುದಿಲ್ಲ. ಆದರೂ ಅತಿಪ್ರಕಾಶಕ್ಕೆ ಬೇಕಾದಷ್ಟು ಅಲ್ಲಿಯೂ ಉಳಿಯದು.

ಹೀಗಾಗಿ ಮಹಾನವ್ಯ ಬೆಳಗಬೇಕಾದರೆ ಶಕ್ತಿ ಎಷ್ಟಿದೆ ಎಂಬುದು ಮಾತ್ರ ಮುಖ್ಯವಲ್ಲ. ಅದು ಯಾವಾಗ ದೊರೆಯುತ್ತದೆ ಎಂಬುದೂ ಅಷ್ಟೇ ಮುಖ್ಯ. ಗೋಳ ಹಿಗ್ಗಿ ತೆಳುವಾದ ಮೇಲೆ, ಬೆಳಕು ಹೊರಕ್ಕೆ ನುಸುಳಬಲ್ಲ ಹೊತ್ತಿಗೆ, ಯಾರಾದರೂ ಮತ್ತೆ ಒಲೆ ಹಚ್ಚಬೇಕು. ಆ ಎರಡನೆಯ ಒಲೆ ಯಾವುದು? ವಿಜ್ಞಾನಿಗಳು ಮುಖ್ಯವಾಗಿ ಮೂರನ್ನು ಹೆಸರಿಸುವರು.

ಮೊದಲನೆಯ ಒಲೆ: ನಿಕ್ಕಲ್

ಸಾಧಾರಣ ಮಹಾನವ್ಯಗಳಲ್ಲಿ ಈ ಕೆಲಸವನ್ನು ಮಾಡುವುದು ವಿಕಿರಣಪಟುವಾದ ನಿಕ್ಕಲ್. ಸ್ಫೋಟದ ಬಿಸಿಯಲ್ಲಿ ೫೬ ಪರಮಾಣುಭಾರದ ನಿಕ್ಕಲ್ ಉತ್ಪತ್ತಿಯಾಗುತ್ತದೆ. ಇದು ಅಸ್ಥಿರ. ಸುಮಾರು ಆರು ದಿನಗಳಲ್ಲಿ ಅದರ ಅರ್ಧಭಾಗ ಕೋಬಾಲ್ಟ್ ಆಗುವುದು. ಕೋಬಾಲ್ಟ್ ೭೭ ದಿನಗಳಿಗೆ ಅರ್ಧದಂತೆ ಕಬ್ಬಿಣವಾಗುವುದು. ಈ ಪರಿವರ್ತನೆಗಳಲ್ಲಿ ಹೊರಡುವ ಗ್ಯಾಮಾ ಕಿರಣಗಳು ಸುತ್ತಣ ಅನಿಲವನ್ನು ಕಾಯಿಸುತ್ತವೆ. ಬೂದಿ ಮುಚ್ಚಿದ ಕೆಂಡದಂತೆ, ಸ್ಫೋಟ ಮುಗಿದ ತಿಂಗಳುಗಳ ಮೇಲೂ ಇವು ಶಾಖವನ್ನು ಕೊಡುತ್ತಲೇ ಇರುತ್ತವೆ. ೧೯೮೭ರ ಮಹಾನವ್ಯದ ಬೆಳಕು ಕೋಬಾಲ್ಟಿನ ಲೆಕ್ಕಕ್ಕೆ ಸರಿಯಾಗಿ ೭೭ ದಿನಗಳಿಗೆ ಅರ್ಧದಂತೆ ಇಳಿಯಿತು. ಕೋಬಾಲ್ಟಿಗೇ ವಿಶಿಷ್ಟವಾದ ಗ್ಯಾಮಾ ಕಿರಣಗಳು ಕೃತಕ ಉಪಗ್ರಹದ ಯಂತ್ರಕ್ಕೂ ಸಿಕ್ಕವು. ಅಲ್ಲಿ ಉತ್ಪತ್ತಿಯಾದ ನಿಕ್ಕಲ್ ಸೂರ್ಯನ ತೂಕದ ನೂರರಲ್ಲಿ ಏಳು ಪಾಲು ಮಾತ್ರ. ನಮ್ಮ ರಕ್ತದಲ್ಲಿಯೂ ನೇಗಿಲ ಕುಳದಲ್ಲಿಯೂ ಇರುವ ಕಬ್ಬಿಣದ ಬಹುಭಾಗ ಒಂದು ಕಾಲಕ್ಕೆ ಹೀಗೆ ನಿಕ್ಕಲ್ ಆಗಿದ್ದು ಯಾವುದೋ ನಕ್ಷತ್ರದ ಕೊನೆಯ ಬೆಳಕಿಗೆ ಕಾರಣವಾಗಿತ್ತೆಂಬುದನ್ನು ನೆನೆದರೆ ಮನಸ್ಸು ಬೆರಗಾಗುತ್ತದೆ.

ಅತಿಪ್ರಕಾಶದ ಮಹಾನವ್ಯಗಳಿಗೂ ಇದೇ ಉತ್ತರವನ್ನು ಹೇಳಬಹುದೆ? ಲೆಕ್ಕ ಹಾಕಿ ನೋಡೋಣ. ಒಂದು ಸೂರ್ಯನ ತೂಕದ ನಿಕ್ಕಲ್ ಪೂರ್ತಿ ಕಬ್ಬಿಣವಾಗುವಾಗ ಬಿಡುವ ಶಕ್ತಿ ಕೊಳಗದ ಆರನೆಯ ಒಂದು ಭಾಗವೂ ಸರಿಯಾಗಿ ಆಗದು. ಒಂದು ಕೊಳಗ ಬೆಳಕಿಗೆ ಕಡಮೆಯೆಂದರೂ ಆರು ಏಳು ಸೂರ್ಯರ ತೂಕದ ನಿಕ್ಕಲ್ ಬೇಕು. ಬೆಳಕು ಹೊರಬರುವುದಕ್ಕೆ ಮುಂಚೆ ಕಳೆದುಹೋಗುವುದನ್ನು ಸೇರಿಸಿದರೆ ಇನ್ನೂ ಹೆಚ್ಚು. ಆದರೆ ಇಂಥ ಅನೇಕ ಮಹಾನವ್ಯಗಳು ಎಸೆದ ಅನಿಲದ ಒಟ್ಟು ತೂಕವೇ ಹಲವು ಸೂರ್ಯರಷ್ಟು ಮಾತ್ರವೆಂದು ಅವು ಏರಿ ಇಳಿಯುವ ವೇಗದಿಂದ ತಿಳಿಯುತ್ತದೆ. ಹಿಟ್ಟಿಗಿಂತ ಉಪ್ಪೇ ಹೆಚ್ಚೆಂದು ಹೇಳಿದಂತಾಯಿತು! ಅಲ್ಲದೆ ಅಷ್ಟು ನಿಕ್ಕಲ್ ಇದ್ದುದಾದರೆ ಕೊನೆಯಲ್ಲಿ ಕೋಬಾಲ್ಟಿನ ಕೆಂಡ ಬಹಳ ಉಜ್ಜ್ವಲವಾಗಿ ಉಳಿಯಬೇಕಾಗಿತ್ತು. ಅದು ಅನೇಕವುಗಳಲ್ಲಿ ಕಾಣಲಿಲ್ಲ.

ಆದರೂ ನಿಕ್ಕಲಿನ ಮಾತು ಇಲ್ಲಿಗೇ ಮುಗಿಯುವುದಿಲ್ಲ. ೧೯೬೭ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಒಂದು ವಿಚಿತ್ರ ಮರಣವನ್ನು ಸೂಚಿಸಿದ್ದರು. ಸೂರ್ಯನಿಗಿಂತ ಸುಮಾರು ೧೪೦ರಿಂದ ೨೬೦ ಪಾಲು ಭಾರವಾಗಿ ಹುಟ್ಟಿದ ನಕ್ಷತ್ರದ ತಿರುಳು ನೂರು ಕೋಟಿ ಡಿಗ್ರಿಗೂ ಮೀರಿ ಕಾದಾಗ, ಅಲ್ಲಿಯ ಗ್ಯಾಮಾ ಕಿರಣಗಳು ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳ ಜೋಡಿಗಳಾಗಿ ಮಾರ್ಪಡತೊಡಗುತ್ತವೆ. ಶಕ್ತಿಯು ದ್ರವ್ಯವಾಗಬಲ್ಲುದೆಂದು ಐನ್‌ಸ್ಟೈನ್ ತೋರಿಸಿಕೊಟ್ಟ ನಿಯಮದ ಪ್ರಕಾರ ನಡೆಯುವ ಮಾರ್ಪಾಡು ಇದು. ನಕ್ಷತ್ರವನ್ನು ಎತ್ತಿ ಹಿಡಿದಿದ್ದುದು ಆ ಕಿರಣಗಳ ಒತ್ತಡವೇ. ಮನೆಯ ಕಂಬಗಳೇ ಕರಗಿ ಜಂತಿ ಕುಸಿದಂತೆ ತಿರುಳು ಕುಸಿಯುತ್ತದೆ. ಕುಸಿತದ ಬಿಸಿಗೆ ಆಮ್ಲಜನಕವೆಲ್ಲ ಒಮ್ಮೆಗೇ ಉರಿದು ನಕ್ಷತ್ರ ಸಂಪೂರ್ಣವಾಗಿ ಛಿದ್ರವಾಗುತ್ತದೆ. ನ್ಯೂಟ್ರಾನ್ ನಕ್ಷತ್ರವಾಗಲಿ ಕಪ್ಪು ಕುಳಿಯಾಗಲಿ ಉಳಿಯದು. ಇಂಥ ಸ್ಫೋಟದಲ್ಲಿ ಹತ್ತಾರು ಸೂರ್ಯರ ತೂಕದ ನಿಕ್ಕಲ್ ಹುಟ್ಟಬಲ್ಲುದು. ಆದರೆ ಅಷ್ಟು ಭಾರವಾದ ಅನಿಲದಿಂದ ಬೆಳಕು ಹೊರಬರಲು ಬಹುಕಾಲ ಬೇಕಾದ್ದರಿಂದ ಇದು ನಿಧಾನವಾಗಿ ಏರಿ ನಿಧಾನವಾಗಿ ಇಳಿಯಬೇಕು. ಅತಿಪ್ರಕಾಶದವುಗಳಲ್ಲಿ ಹೆಚ್ಚಿನವು ಅಷ್ಟು ನಿಧಾನದವಲ್ಲ. ೨೦೧೮ರಲ್ಲಿ ಕಂಡ ‘೨೦೧೮ಐಬಿಬಿ’ ಎಂಬುದು ಈ ವರ್ಣನೆಗೆ ಬಹುಮಟ್ಟಿಗೆ ಒಪ್ಪುತ್ತದೆಂದು ೨೦೨೪ರಲ್ಲಿ ಪ್ರಕಟವಾದ ವಿವರವಾದ ಪರಿಶೀಲನೆಯಿಂದ ತಿಳಿದುಬಂದಿತು.

ಎರಡನೆಯ ಒಲೆ: ಡಿಕ್ಕಿ

೨೦೦೬ರ ಸೆಪ್ಟೆಂಬರಿನಲ್ಲಿ ಪರ್ಸಿಯಸ್ ನಕ್ಷತ್ರಪುಂಜದ ದಿಕ್ಕಿನಲ್ಲಿ, ಸುಮಾರು ೨೪ ಕೋಟಿ ಜ್ಯೋತಿರ್ವರ್ಷ ದೂರದ ಒಂದು ಗೆಲಕ್ಸಿಯಲ್ಲಿ ‘೨೦೦೬ಜಿವೈ’ ಎಂಬ ಮಹಾನವ್ಯ ಕಾಣಿಸಿಕೊಂಡಿತು. ಸಾಧಾರಣವಾಗಿ ಮಹಾನವ್ಯಗಳು ಎರಡು ಮೂರು ವಾರಗಳಲ್ಲಿ ಉಚ್ಛ್ರಾಯವನ್ನು ಮುಟ್ಟಿದರೆ ಇದು ೭೦ ದಿನಗಳ ಕಾಲ ಏರುತ್ತಲೇ ಹೋಯಿತು. ೨೦೦೭ರಲ್ಲಿ ಇದರ ವರದಿ ಪ್ರಕಟವಾದಾಗ, ಅದುವರೆಗೆ ಕಂಡ ಮಹಾನವ್ಯಗಳಲ್ಲೆಲ್ಲ ಅತ್ಯಂತ ಪ್ರಕಾಶವುಳ್ಳದ್ದೆಂದು ಜಗತ್ತಿನ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ನಿಕ್ಕಲಿನಿಂದಲೇ ಇಷ್ಟು ಬೆಳಕು ಬರಬೇಕಾದರೆ ಹತ್ತು ಸೂರ್ಯರನ್ನು ಮೀರಿದ ನಿಕ್ಕಲ್ ಬೇಕಾಗುವುದು. ಆದ್ದರಿಂದ ಮೇಲೆ ಹೇಳಿದ ಮಹಾದೈತ್ಯ ನಕ್ಷತ್ರದ ಮರಣವೇ ಇದಾಗಿರಬಹುದೆಂದು ಹಲವರು ಭಾವಿಸಿದರು.

ಇತರರು ಬೇರೊಂದು ದಾರಿಯನ್ನು ಸೂಚಿಸಿದರು. ಕಮ್ಮಾರನು ಸುತ್ತಿಗೆಯಿಂದ ಬಡಿದ ಕಬ್ಬಿಣ ಬಿಸಿಯಾಗುವುದನ್ನು ನೋಡಿದ್ದೇವೆ; ಚಲನೆಯನ್ನು ತಡೆದರೆ ಅದು ಶಾಖವಾಗುತ್ತದೆ. ಸಾಧಾರಣ ಮಹಾನವ್ಯದ ಅನಿಲದಲ್ಲಿಯೂ ಒಂದು ಕೊಳಗದಷ್ಟು ಚಲನಶಕ್ತಿ ಉಂಟಷ್ಟೆ. ನಕ್ಷತ್ರವು ಸಾಯುವುದಕ್ಕೆ ಕೆಲವು ವರ್ಷಗಳ ಮುಂಚೆ ತನ್ನ ಹೊದಿಕೆಯನ್ನು ಕಳಚಿ ಸುತ್ತಲೂ ದಟ್ಟವಾದ ಚಿಪ್ಪಿನಂತೆ ಬಿಟ್ಟಿದ್ದರೆ, ಸ್ಫೋಟದ ಅನಿಲ ಧಾವಿಸಿ ಬಂದು ಆ ಚಿಪ್ಪಿಗೆ ಡಿಕ್ಕಿ ಹೊಡೆಯುವುದು. ಚಿಪ್ಪಿನ ತೂಕವೂ ಬರುವ ಅನಿಲದ ತೂಕವೂ ಸಮನಾಗಿದ್ದರೆ ಚಲನಶಕ್ತಿಯಲ್ಲಿ ಅರ್ಧ ಶಾಖವಾಗುವುದೆಂದು ಬಲವಿಜ್ಞಾನದ ಸರಳ ನಿಯಮಗಳೇ ಹೇಳುತ್ತವೆ. ಚಿಪ್ಪು ನಕ್ಷತ್ರದಿಂದ ನೂರಾರು ಕೋಟಿ ಕಿಲೋಮೀಟರ್ ದೂರದಲ್ಲಿ ಇರುವುದರಿಂದ ಈ ಶಾಖ ಹಿಗ್ಗುವುದರಲ್ಲಿ ನಷ್ಟವಾಗದೆ ಬೆಳಕಾಗಿ ಹೊರಬರುತ್ತದೆ. ಹೊಸ ಶಕ್ತಿಯನ್ನು ಎಲ್ಲಿಂದಲೂ ತರಬೇಕಾಗಿಲ್ಲ. ಇದ್ದುದನ್ನೇ ಸರಿಯಾದ ಸ್ಥಳದಲ್ಲಿ, ಸರಿಯಾದ ಕಾಲದಲ್ಲಿ ತಡೆದು ನಿಲ್ಲಿಸಿದರೆ ಸಾಕು.

ನಕ್ಷತ್ರಗಳು ಹೀಗೆ ಹೊದಿಕೆ ಕಳಚುವುದುಂಟೆ? ಉಂಟು. ಅಗಸ್ತ್ಯ ನಕ್ಷತ್ರವಿರುವ ಪುಂಜದಲ್ಲಿಯೇ ಈಟಾ ಕರೈನೇ ಎಂಬುದೊಂದಿದೆ. ದೂರ ಸುಮಾರು ೭,೫೦೦ ಜ್ಯೋತಿರ್ವರ್ಷ. ೧೮೪೩ರಲ್ಲಿ ಇದು ಉಬ್ಬರಿಸಿ, ಅಗಸ್ತ್ಯನನ್ನೂ ಹಿಂದೆ ಹಾಕಿ, ಲುಬ್ಧಕನ ನಂತರದ ಸ್ಥಾನಕ್ಕೆ ಏರಿತ್ತು. ಆ ಉಬ್ಬರದಲ್ಲಿ ಅದು ಹೊರಚೆಲ್ಲಿದ ವಸ್ತು ಹತ್ತು ಸೂರ್ಯರ ತೂಕಕ್ಕೆ ಕಡಮೆಯಿಲ್ಲ. ನಕ್ಷತ್ರ ಮಾತ್ರ ಸಾಯದೆ ಇಂದಿಗೂ ಉಳಿದಿದೆ. ಇಂಥದೊಂದು ನಕ್ಷತ್ರ ಆ ಚಿಪ್ಪು ಚೆದರುವುದಕ್ಕೆ ಮುನ್ನವೇ ಸಿಡಿದರೆ ಏನಾಗುವುದೆಂದು ಊಹಿಸಬಹುದು.

ಡಿಕ್ಕಿಗೆ ಸಾಕ್ಷಿಯನ್ನು ಒದಗಿಸುವುದು ರೋಹಿತ. ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಪ್ರತಿಯೊಂದು ಧಾತುವೂ ತನ್ನದೇ ರೇಖೆಗಳನ್ನು ತೋರಿಸುವುದು. ವೇಗವಾಗಿ ಹಿಗ್ಗುವ ಅನಿಲದ ರೇಖೆಗಳು ಅಗಲವಾಗಿ ಹರಡಿರುತ್ತವೆ. ನಿಧಾನವಾಗಿ ಚಲಿಸುವ ಚಿಪ್ಪಿನವು ಕಿರಿದಾಗಿ ಚೂಪಾಗಿರುತ್ತವೆ. ೨೦೦೬ಜಿವೈಯ ರೋಹಿತದಲ್ಲಿ ಜಲಜನಕದ ಕಿರಿದಾದ ರೇಖೆಗಳು ಇದ್ದವು. ಚಿಪ್ಪು ಇದ್ದುದು ನಿಜವೆಂದಾಯಿತು. ಆದರೆ ಅದರ ಒಳಗೆ ಸಿಡಿದುದು ಏನು?

ಇದಕ್ಕೆ ಉತ್ತರ ಸಿಕ್ಕಿದುದು ೨೦೨೦ರಲ್ಲಿ. ಮಹಾನವ್ಯ ಕಂಡು ಒಂದು ವರ್ಷಕ್ಕೂ ಮೇಲಾದ ಬಳಿಕ ಹವಾಯಿ ದ್ವೀಪದ ಸುಬಾರು ದೂರದರ್ಶಕದಿಂದ ಅದರ ರೋಹಿತವನ್ನು ತೆಗೆದಿದ್ದರು. ಅದರಲ್ಲಿ ಅರ್ಥವಾಗದ ಕೆಲವು ರೇಖೆಗಳಿದ್ದವು. ಯೆರ್ಕ್‌ಸ್ಟ್ರಾಂಡ್, ಮಾಯೆದ ಮತ್ತು ಕವಬಾತ ಎಂಬ ಮೂವರು ವಿಜ್ಞಾನಿಗಳು ಅವು ತಟಸ್ಥ ಕಬ್ಬಿಣದ ರೇಖೆಗಳೆಂದು ಗುರುತಿಸಿದರು. ಕಬ್ಬಿಣದ ಪ್ರಮಾಣ ಸೂರ್ಯನ ತೂಕದ ಮೂರನೆಯ ಒಂದು ಭಾಗಕ್ಕೆ ಕಡಮೆಯಿರಲಾರದೆಂದು ಲೆಕ್ಕ ಬಂದಿತು. ಇದು ಮಹಾದೈತ್ಯ ನಕ್ಷತ್ರದ ಲಕ್ಷಣವಲ್ಲ. ಶ್ವೇತಕುಬ್ಜ ಸಿಡಿದಾಗ ಕಾಣುವ ಲಕ್ಷಣ. ಶ್ವೇತಕುಬ್ಜವೆಂದರೆ ಸೂರ್ಯನಂಥ ನಕ್ಷತ್ರ ಮುಪ್ಪಿನಲ್ಲಿ ಉಳಿಸುವ, ಭೂಮಿಯ ಗಾತ್ರದ ದಟ್ಟವಾದ ಅವಶೇಷ. ಅದರ ತೂಕ ಸೂರ್ಯನ ೧.೪ ಪಾಲನ್ನು ಮೀರಲಾರದೆಂದು ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರರು ೧೯೩೦ರ ದಶಕದಲ್ಲಿಯೇ ಗಣಿಸಿ ತೋರಿಸಿದ್ದರು. ಇಂಥ ಕುಬ್ಜವೊಂದು ತನ್ನ ಜೊತೆಯ ದೊಡ್ಡ ನಕ್ಷತ್ರದ ಒಡಲೊಳಕ್ಕೆ ಸುರುಳಿ ಸುತ್ತುತ್ತ ಇಳಿದು, ಆ ನಕ್ಷತ್ರದ ಹೊದಿಕೆಯನ್ನು ಹೊರದೂಡಿ, ಬಳಿಕ ಹೆಚ್ಚು ಕಾಲ ಕಳೆಯುವ ಮುನ್ನವೇ ಸಿಡಿಯಿತು. ಸಿಡಿದ ಅನಿಲ ಆ ಹೊದಿಕೆಗೆ ಡಿಕ್ಕಿ ಹೊಡೆಯಿತು ಎಂಬುದು ಅವರ ವಿವರಣೆ.

ಇದರ ಅರ್ಥವನ್ನು ನಿಂತು ಯೋಚಿಸಬೇಕು. ನೂರಾರು ಸೂರ್ಯರ ತೂಕದ ದೈತ್ಯನ ಮರಣವೆಂದು ಭಾವಿಸಿದ್ದುದು ಒಂದೂವರೆ ಸೂರ್ಯನಷ್ಟೂ ಇಲ್ಲದ ಕುಬ್ಜನ ಮರಣವೆಂದು ತೋರಿಬಂದಿತು. ಬೆಳಕಿನ ಪ್ರಮಾಣವೊಂದರಿಂದಲೇ ಸತ್ತವರು ಯಾರೆಂದು ಹೇಳಲಾಗದು.

ಮೂರನೆಯ ಒಲೆ: ತಿರುಗುವ ಅಯಸ್ಕಾಂತ

ಅತಿಪ್ರಕಾಶದ ಮಹಾನವ್ಯಗಳಲ್ಲಿ ಬಹಳಷ್ಟರ ರೋಹಿತದಲ್ಲಿ ಜಲಜನಕವೇ ಇಲ್ಲ. ಚಿಪ್ಪಿನ ಕಿರಿದಾದ ರೇಖೆಗಳೂ ಕಾಣವು. ೨೦೦೫ಎಪಿ ಅಂಥದು. ಇಲ್ಲಿ ನಿಕ್ಕಲೂ ಸಾಲದು, ಡಿಕ್ಕಿಗೂ ಸಾಕ್ಷಿಯಿಲ್ಲ. ಹಾಗಾದರೆ ಒಲೆ ಯಾವುದು?

ಉತ್ತರದ ಸುಳಿವು ೧೦೫೪ರ ಮಹಾನವ್ಯದಲ್ಲಿಯೇ ಇದೆ. ಅದು ಸಿಡಿದ ಸ್ಥಳದಲ್ಲಿ ಇಂದು ಏಡಿ ನೀಹಾರಿಕೆ ಎಂಬ ಅನಿಲದ ಮೋಡ ಕಾಣುತ್ತದೆ. ಸಾವಿರ ವರ್ಷಗಳಾಗುತ್ತ ಬಂದರೂ ಅದು ಇನ್ನೂ ಬೆಳಗುತ್ತಲೇ ಇದೆ. ಇದಕ್ಕೆ ಕಾರಣ ೧೯೬೮ರಲ್ಲಿ ತಿಳಿಯಿತು. ಮೋಡದ ನಡುವೆ ಸೆಕೆಂಡಿಗೆ ಸುಮಾರು ಮೂವತ್ತು ಸುತ್ತು ತಿರುಗುವ ನ್ಯೂಟ್ರಾನ್ ನಕ್ಷತ್ರವೊಂದು ಇದೆ. ಅದು ಬಲವಾದ ಅಯಸ್ಕಾಂತವೂ ಹೌದು. ಅದರ ತಿರುಗುವಿಕೆ ಸ್ವಲ್ಪ ಸ್ವಲ್ಪವೇ ನಿಧಾನವಾಗುತ್ತಿದೆ. ಕಳೆದುಕೊಂಡ ಶಕ್ತಿ ಸುಮಾರು ಲಕ್ಷ ಸೂರ್ಯರ ಪ್ರಕಾಶದ ಪ್ರಮಾಣದಲ್ಲಿ ಹೊರಬಂದು ಮೋಡವನ್ನು ಬೆಳಗಿಸುತ್ತಿದೆ. ಸೈಕಲ್ಲಿಗೆ ಡೈನಮೋ ಹಚ್ಚಿ ತುಳಿದವರಿಗೆ ಇದು ಹೊಸ ಸಂಗತಿಯಲ್ಲ. ದೀಪ ಉರಿದಷ್ಟೂ ಚಕ್ರಕ್ಕೆ ತಡೆ. ಚಕ್ರದ ವೇಗವೇ ದೀಪದ ಎಣ್ಣೆ.

ಈ ಡೈನಮೋ ಇನ್ನೂ ಬಲವಾಗಿದ್ದರೆ? ನ್ಯೂಟ್ರಾನ್ ನಕ್ಷತ್ರಗಳಲ್ಲಿ ಕೆಲವು ಅಸಾಧಾರಣ ಅಯಸ್ಕಾಂತಗಳಾಗಿರಬಹುದೆಂದು ಡಂಕನ್ ಮತ್ತು ಥಾಂಪ್ಸನ್ ೧೯೯೨ರಲ್ಲಿ ಸೂಚಿಸಿ ಅವನ್ನು ‘ಮ್ಯಾಗ್ನೆಟಾರ್’ ಎಂದು ಕರೆದರು. ಅನಂತರ ನಮ್ಮ ಆಕಾಶಗಂಗೆಯಲ್ಲಿಯೇ ಅಂಥವು ಹಲವು ಸಿಕ್ಕಿವೆ. ಅವುಗಳ ಕಾಂತಕ್ಷೇತ್ರ ಭೂಮಿಯದಕ್ಕಿಂತ ಕೋಟಿ ಕೋಟಿ ಪಾಲು ಮೀರಿದ್ದು. ೨೦೧೦ರಲ್ಲಿ ಕೇಸನ್ ಮತ್ತು ಬಿಲ್ಡ್‌ಸ್ಟನ್ ಇಬ್ಬರು ಸೇರಿಯೂ, ವೂಸ್ಲಿ ಎಂಬುವರು ಪ್ರತ್ಯೇಕವಾಗಿಯೂ, ಆಗತಾನೆ ಹುಟ್ಟಿದ ಮ್ಯಾಗ್ನೆಟಾರ್ ಮಹಾನವ್ಯದ ಒಡಲಲ್ಲಿ ಕುಳಿತು ಅದನ್ನು ಕಾಯಿಸಬಲ್ಲುದೆಂದು ಗಣಿತದಿಂದ ತೋರಿಸಿದರು. ಸೆಕೆಂಡಿಗೆ ೫೦೦ ಸುತ್ತು ತಿರುಗುವ ನ್ಯೂಟ್ರಾನ್ ನಕ್ಷತ್ರದಲ್ಲಿ ನಾಲ್ಕೈದು ಕೊಳಗ ಶಕ್ತಿ ಅಡಗಿರುತ್ತದೆ. ಒಂದು ಕೊಳಗ ಬೆಳಕಿಗೆ ಇದು ಧಾರಾಳ.

ಇಲ್ಲಿಯೂ ಕಾಲದ ಪ್ರಶ್ನೆಯೇ ನಿರ್ಣಾಯಕ. ಕಾಂತಕ್ಷೇತ್ರ ಅತಿಯಾಗಿ ಬಲವಾಗಿದ್ದರೆ ಚಕ್ರ ಕೆಲವೇ ಗಂಟೆಗಳಲ್ಲಿ ನಿಧಾನವಾಗಿ, ಶಕ್ತಿಯೆಲ್ಲ ಗೋಳ ಚಿಕ್ಕದಾಗಿರುವಾಗಲೇ ಬಂದು ಹಿಗ್ಗುವುದರಲ್ಲಿ ನಷ್ಟವಾಗುವುದು. ದುರ್ಬಲವಾಗಿದ್ದರೆ ಶಕ್ತಿ ನೂರಾರು ವರ್ಷ ಜಿನುಗಿ ಮಂದವಾಗಿ ಬೆಳಗುವುದು. ನಡುವಣ ಬಲವಿದ್ದರೆ ಎರಡು ಮೂರು ವಾರಗಳಲ್ಲಿ, ಅಂದರೆ ಬೆಳಕು ಹೊರಬರಲು ಬಾಗ ತೆರೆಯುವ ಹೊತ್ತಿಗೆ ಸರಿಯಾಗಿ, ಶಕ್ತಿ ಒದಗುವುದು. ಮ್ಯಾಗ್ನೆಟಾರುಗಳಲ್ಲಿ ನಾವು ಕಂಡಿರುವ ಕಾಂತಕ್ಷೇತ್ರ ಇದಕ್ಕೆ ತಕ್ಕಂತೆಯೇ ಇದೆ.

ಈ ವಿವರಣೆಯನ್ನು ಪರೀಕ್ಷಿಸುವುದು ಹೇಗೆ? ಕೆಂಡಕ್ಕೂ ಡೈನಮೋಕ್ಕೂ ಇರುವ ವ್ಯತ್ಯಾಸ ಕೊನೆಗಾಲದಲ್ಲಿ ಬಯಲಾಗಬೇಕು. ಕೋಬಾಲ್ಟ್ ೭೭ ದಿನಗಳಿಗೆ ಅರ್ಧದಂತೆ ಇಳಿಯುವುದರಿಂದ ನೂರನೆಯ ದಿನಕ್ಕೂ ಸಾವಿರನೆಯ ದಿನಕ್ಕೂ ನಡುವೆ ಅದರ ಶಾಖ ಮೂರು ಸಾವಿರ ಪಾಲಿಗಿಂತ ಹೆಚ್ಚಾಗಿ ಕುಗ್ಗುವುದು. ನಿಧಾನವಾಗುತ್ತಿರುವ ಅಯಸ್ಕಾಂತದ ಶಾಖವಾದರೋ ದಿನಗಳು ಹತ್ತು ಪಾಲಾದರೆ ನೂರು ಪಾಲು ಮಾತ್ರ ಕುಗ್ಗುವುದು. ‘೨೦೧೫ಬಿಎನ್’ ಎಂಬ ಅತಿಪ್ರಕಾಶದ ಮಹಾನವ್ಯವನ್ನು ಮ್ಯಾಟ್ ನಿಕಲ್ ಮತ್ತು ಸಂಗಡಿಗರು ಹಬಲ್ ದೂರದರ್ಶಕದಿಂದ ಸಾವಿರ ದಿನಗಳು ಕಳೆದ ಮೇಲೂ ಹಿಂಬಾಲಿಸಿದರು. ಅದರ ಬೆಳಕು ಕೋಬಾಲ್ಟಿನಂತೆ ಕುಸಿಯದೆ, ಅಯಸ್ಕಾಂತದ ಲೆಕ್ಕದಂತೆ ಮೆಲ್ಲನೆ ಇಳಿಯುತ್ತಿತ್ತೆಂದು ೨೦೧೮ರಲ್ಲಿ ಅವರು ವರದಿ ಮಾಡಿದರು. ಮ್ಯಾಗ್ನೆಟಾರನ್ನು ಕಣ್ಣಾರೆ ಕಂಡಂತಾಗಲಿಲ್ಲ. ಆದರೆ ಅದರ ಹೆಜ್ಜೆಯ ಗುರುತು ಕಂಡಂತಾಯಿತು.

ಇನ್ನೊಂದು ಸಂಗತಿಯೂ ಇದಕ್ಕೆ ಪೋಷಕವಾಗಿದೆ. ಜಲಜನಕವಿಲ್ಲದ ಈ ಮಹಾನವ್ಯಗಳು ಹೆಚ್ಚಾಗಿ ಕಾಣುವುದು ಚಿಕ್ಕ ಗೆಲಕ್ಸಿಗಳಲ್ಲಿ. ಅಲ್ಲಿ ಜಲಜನಕ ಹೀಲಿಯಂಗಳನ್ನು ಬಿಟ್ಟರೆ ಇತರ ಧಾತುಗಳು ಕಡಮೆ. ಭಾರವಾದ ಧಾತುಗಳು ಕಡಮೆಯಿರುವ ನಕ್ಷತ್ರದ ಮೈಯಿಂದ ಬೀಸುವ ಅನಿಲದ ಗಾಳಿಯೂ ದುರ್ಬಲ. ಆ ಗಾಳಿಯೇ ನಕ್ಷತ್ರದ ತಿರುಗುವ ವೇಗವನ್ನು ಹೊತ್ತೊಯ್ಯುವುದು. ಆದ್ದರಿಂದ ಇಂಥ ನಕ್ಷತ್ರ ಸಾಯುವವರೆಗೂ ವೇಗವಾಗಿ ತಿರುಗುತ್ತಿರಬಲ್ಲುದು. ಅದರ ಒಡಲಲ್ಲಿ ಹುಟ್ಟುವ ನ್ಯೂಟ್ರಾನ್ ನಕ್ಷತ್ರಕ್ಕೆ ಆ ವೇಗ ಬಳುವಳಿಯಾಗಿ ಬರುವುದು.

ಇದನ್ನು ತಿಳಿದು ಫಲವೇನು?

ಹಾಗೆಂದು ಮೂರು ಒಲೆಗಳಲ್ಲಿ ಒಂದೇ ಎಲ್ಲೆಡೆಯೂ ಉರಿಯುತ್ತದೆಂದು ಹೇಳುವಂತಿಲ್ಲ. ಜಲಜನಕದ ಕಿರಿದಾದ ರೇಖೆಗಳಿರುವಲ್ಲಿ ಡಿಕ್ಕಿ, ಅವಿಲ್ಲದ ಹೆಚ್ಚಿನವುಗಳಲ್ಲಿ ಮ್ಯಾಗ್ನೆಟಾರ್, ಅಪರೂಪಕ್ಕೆ ನಿಕ್ಕಲ್ ಎಂಬುದು ಹಲವರು ಒಪ್ಪುವ ಹಂಚಿಕೆ. ಎರಡು ಒಲೆಗಳು ಒಟ್ಟಿಗೆ ಉರಿಯುವುದೂ ಅಸಾಧ್ಯವಲ್ಲ; ಕೆಲವು ಮಹಾನವ್ಯಗಳು ಇಳಿಯುವಾಗ ಮಧ್ಯೆ ಮಧ್ಯೆ ಉಬ್ಬುವುದುಂಟು.

ಯಾವುದೋ ದೂರದ ನಕ್ಷತ್ರದ ಸಾವಿನ ಕಾರಣವನ್ನು ಇಷ್ಟು ಕೆದಕುವುದೇಕೆಂದು ವಾಚಕರು ಕೇಳಬಹುದು. ಆಮ್ಲಜನಕ, ಕ್ಯಾಲ್ಸಿಯಂ, ಕಬ್ಬಿಣಗಳನ್ನು ಲೋಕಕ್ಕೆ ಹಂಚಿದುದು ಇಂಥ ಮರಣಗಳೇ. ಯಾವ ನಕ್ಷತ್ರ ಹೇಗೆ ಸತ್ತಿತೆಂಬುದರ ಮೇಲೆ ಅದು ಬಿಟ್ಟುಹೋಗುವ ಧಾತುಗಳ ಲೆಕ್ಕ ನಿಲ್ಲುತ್ತದೆ. ಒಂದು ಕೊಳಗ ಬೆಳಕನ್ನು ನಿಕ್ಕಲ್ ಕೊಟ್ಟಿದ್ದರೆ ಆರೇಳು ಸೂರ್ಯರ ತೂಕದ ಕಬ್ಬಿಣ ಉಳಿಯುವುದು. ಅಯಸ್ಕಾಂತ ಕೊಟ್ಟಿದ್ದರೆ ಅದರ ಅಲ್ಪಾಂಶ ಮಾತ್ರ. ಅಲ್ಲದೆ ವಿಶ್ವದ ಬಾಲ್ಯದಲ್ಲಿ ಮಹಾದೈತ್ಯ ನಕ್ಷತ್ರಗಳು ಹೇರಳವಾಗಿದ್ದಿರಬೇಕೆಂದು ವಿಜ್ಞಾನಿಗಳು ಊಹಿಸುವರು. ಅವುಗಳನ್ನು ಬಿಡಿಬಿಡಿಯಾಗಿ ಬದುಕಿರುವಾಗ ಕಾಣುವುದು ಬಹು ಕಷ್ಟ. ಸಾಯುವಾಗಿನ ಬೆಳಕೇ ಅವುಗಳ ಜನಗಣತಿ. ಕುಬ್ಜರನ್ನು ದೈತ್ಯರೆಂದು ಎಣಿಸಿದರೆ ಆ ಗಣತಿಯೇ ತಲೆಕೆಳಗಾಗುವುದು.

ಈ ಅನ್ವೇಷಣೆಯಲ್ಲಿ ನಮ್ಮ ದೇಶದ ಪಾಲೂ ಉಂಟು. ನೈನಿತಾಲಿನ ಬಳಿ ದೇವಸ್ಥಲದಲ್ಲಿ ೨೦೧೬ರಲ್ಲಿ ಉದ್ಘಾಟನೆಯಾದ ೩.೬ ಮೀಟರ್ ದೂರದರ್ಶಕವನ್ನು ಬಳಸಿ ಭಾರತೀಯ ಖಗೋಲಜ್ಞರು ‘೨೦೨೦ಎಎನ್‌ಕೆ’ ಎಂಬ ಅತಿಪ್ರಕಾಶದ ಮಹಾನವ್ಯವನ್ನು ಅಭ್ಯಾಸ ಮಾಡಿರುವರು. ಲಡಾಖಿನ ಹಾನ್ಲೆಯಲ್ಲಿ, ಸುಮಾರು ೪,೫೦೦ ಮೀಟರ್ ಎತ್ತರದಲ್ಲಿರುವ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕ ಹಲವಾರು ಮಹಾನವ್ಯಗಳನ್ನು ಹಿಂಬಾಲಿಸಿದೆ; ಅದನ್ನು ಉಪಗ್ರಹದ ಸಂಪರ್ಕದಿಂದ ನಡೆಸುವುದು ಬೆಂಗಳೂರಿನ ಬಳಿಯ ಹೊಸಕೋಟೆಯಿಂದ. ಚಿಲಿ ದೇಶದಲ್ಲಿ ಸ್ಥಾಪಿತವಾದ ವೆರಾ ರೂಬಿನ್ ವೀಕ್ಷಣಾಲಯ ತನ್ನ ಮೊದಲ ಚಿತ್ರಗಳನ್ನು ೨೦೨೫ರಲ್ಲಿ ಹೊರತಂದಿತು. ದಕ್ಷಿಣದ ಆಕಾಶವನ್ನೆಲ್ಲ ಕೆಲವು ರಾತ್ರಿಗಳಿಗೊಮ್ಮೆ ಚಿತ್ರಿಸುವಂತೆ ಅದನ್ನು ರಚಿಸಿರುವುದರಿಂದ, ವಿರಳವಾದ ಈ ಮಹಾನವ್ಯಗಳೂ ಅದರ ಬಲೆಗೆ ಅಧಿಕ ಸಂಖ್ಯೆಯಲ್ಲಿ ಬೀಳಬೇಕು.

ಆಗ ಮಾಡಬೇಕಾದ ಕೆಲಸವೇನೆಂಬುದನ್ನು ೨೦೦೬ಜಿವೈ ಕಲಿಸಿಕೊಟ್ಟಿದೆ. ಅದರ ಗುಟ್ಟು ಬಯಲಾದುದು ಅದು ಲೋಕವನ್ನೇ ಬೆರಗುಗೊಳಿಸಿ ಬೆಳಗುತ್ತಿದ್ದ ದಿನಗಳಲ್ಲಲ್ಲ. ಪತ್ರಿಕೆಗಳು ಅದನ್ನು ಮರೆತು, ಬೆಳಕು ಆರುತ್ತ ಬಂದು, ಚಿಪ್ಪಿನ ಹೊಳಪು ಮಾಸಿ ಒಳಗಿನ ಕಬ್ಬಿಣ ಹೊರಕ್ಕೆ ಇಣುಕಿದ ಮೇಲೆ. ೨೦೧೫ಬಿಎನ್ ತನ್ನ ಅಯಸ್ಕಾಂತದ ಸುಳಿವನ್ನು ಕೊಟ್ಟುದೂ ಸಾವಿರ ದಿನಗಳಾದ ಮೇಲೆಯೇ. ಉಜ್ಜ್ವಲವಾದ ಬೆಳಕು ನಮ್ಮನ್ನು ಕರೆಯುತ್ತದೆ. ಅದು ಹೇಗೆ ಆರಿಹೋಯಿತೆಂಬುದು ನಮಗೆ ಉತ್ತರವನ್ನು ಕೊಡುತ್ತದೆ.